ಮೊದಲು ಇಟ್ಟ ಲೋಟ

ಕುಡಿಯದವಳ ಕೈಗೆ ಬಾಟಲಿ ಕೊಟ್ಟರೆ ಕದ್ದು ಕುಡಿಯುವ ಭಯವಿಲ್ಲ ಎಂದೋ ಏನೋ, ಆ ಲ್ಯಾಬಿನಲ್ಲಿ ವೈನ್ ಸುರಿಯುವ ಕೆಲಸ ನನಗೇ ಬಂತು. ಅಮೆರಿಕದ ಜರ್ಮನ್‌ಟೌನಿನಲ್ಲಿ ಹೈವೇ ಪಕ್ಕದ ಒಂದು ತಗ್ಗು ಕಟ್ಟಡ. ಆಮದು ಮಾಡುವವರು ಕಳಿಸಿದ ಬಾಟಲಿಗಳನ್ನು ಒಂದು ಕೋಣೆಯಲ್ಲಿ ಯಂತ್ರ ಪರೀಕ್ಷಿಸುತ್ತಿತ್ತು, ಇನ್ನೊಂದು ಕೋಣೆಯಲ್ಲಿ ಐದು ಜನ ಮೂಸಿ, ಬಾಯಿ ಮುಕ್ಕಳಿಸಿ, ಉಗಿದು, ಅಭಿಪ್ರಾಯ ಬರೆದುಕೊಡುತ್ತಿದ್ದರು. ಆ ಐವರ ಮುಂದೆ ಲೋಟ ಇಡುವವಳು ನಾನು. ಪ್ರತಿ ಲೋಟದ ಮೇಲೂ ಮೂರಂಕಿಯ ಗುಟ್ಟಿನ ಸಂಖ್ಯೆ. ಯಾವ ಸಂಖ್ಯೆಯಲ್ಲಿ ಯಾವ ವೈನ್ ಇದೆ ಎನ್ನುವ ಪಟ್ಟಿ ನನ್ನ ಬಿಳಿ ಕೋಟಿನ ಜೇಬಿನಲ್ಲಿರುತ್ತಿತ್ತು.

ಮೈಸೂರಿನಿಂದ ಅಮ್ಮ ಫೋನ್ ಮಾಡಿದಾಗೆಲ್ಲ, "ದ್ರಾಕ್ಷಿ ರಸ ಟೆಸ್ಟ್ ಮಾಡ್ತೀವಿ ಕಣಮ್ಮ" ಅನ್ನುತ್ತಿದ್ದೆ. "ಈ ಚಳೀಲಿ ದ್ರಾಕ್ಷಿನಾ? ನೆಗಡಿ ಆದೀತು, ಹುಷಾರು" ಎಂದು ಅವಳು ಎಚ್ಚರಿಸುತ್ತಿದ್ದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ, ಇಬ್ಬರಿಗೂ ಸಮಾಧಾನ.

ಎರಡು ಸಾವಿರದ ಹದಿಮೂರರ ಚಳಿಗಾಲ. ಒಬ್ಬಳೇ ಇದ್ದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಮನೆಗೆ ಬಂದರೆ ಸದ್ದು ಮಾಡುವುದು ಫ್ರಿಜ್ ಒಂದೇ. ಶುಕ್ರವಾರ ಸಂಜೆ "ಹ್ಯಾವ್ ಎ ನೈಸ್ ವೀಕೆಂಡ್" ಅಂದ ಬಾಯಿ ಸೋಮವಾರ ಬೆಳಿಗ್ಗೆ ತೆರೆಯುವವರೆಗೆ ಎಷ್ಟೋ ವಾರ ಮುಚ್ಚಿಯೇ ಇರುತ್ತಿತ್ತು. ಕನ್ನಡ ಕೂಟದವರು ಕರೆಯುತ್ತಿದ್ದರು, ಹೋಗುತ್ತಿರಲಿಲ್ಲ. ಹೋದರೆ "ಮದುವೆ ಯಾವಾಗ" ಎನ್ನುವ ಆಂಟಿಯರು. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ.

ನನ್ನ ಜೊತೆ ಮಾತಾಡುತ್ತಿದ್ದವರು ಅಲ್ಲಿ ಒಬ್ಬರೇ. ಆ ಐವರ ತಂಡದ ಮುಖ್ಯಸ್ಥರು, ಎಪ್ಪತ್ತರ ಆಸುಪಾಸಿನ ಇಟಲಿಯವರು. ಮನಸ್ಸಿನಲ್ಲಿ ಅವರಿಗೆ ಅಜ್ಜ ಅಂತ ಹೆಸರಿಟ್ಟಿದ್ದೆ. ಅವರ ಮೂಗು ನಮ್ಮ ಲ್ಯಾಬಿನ ಹೆಮ್ಮೆ. ಗಿರಾಕಿಗಳು ಬಂದಾಗ ಮ್ಯಾನೇಜರಮ್ಮ ಯಂತ್ರ ತೋರಿಸುವ ಮೊದಲು ಅಜ್ಜನನ್ನು ತೋರಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿ. "ಇಲ್ಲಿಗೇ ಬಂದುಬಿಡು" ಎಂದು ಅವಳು ಕರೆದರೆ, "ನನಗೊಂದು ಕುರ್ಚಿ ಇದೆ, ಅದನ್ನು ಬಿಟ್ಟು ಎಲ್ಲಿಗೆ ಬರಲಿ" ಅನ್ನುತ್ತಿದ್ದರಂತೆ. ಆ ಕುರ್ಚಿ ಅಂದರೆ ರುಚಿ ಕೋಣೆಯ ಕಿಟಕಿ ಪಕ್ಕದ ಮೊದಲನೇ ಕುರ್ಚಿ.

ಮಧ್ಯಾಹ್ನ ಊಟಕ್ಕೆ ಇಬ್ಬರೂ ಹಿಂದಿನ ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದೆವು. ನನ್ನ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ, "ಇವತ್ತು ನಿಂಬೆ. ಸಾಸಿವೆ ಸ್ವಲ್ಪ ಸೀದಿದೆ" ಎಂದುಬಿಡುತ್ತಿದ್ದರು. ಎರಡನೇ ವಾರವೋ ಏನೋ, ಕಿತ್ತಳೆ ಸುಲಿದು ಅರ್ಧ ಕೊಟ್ಟರು. ನನ್ನ ಬಲಗೈಯಲ್ಲಿ ಚಮಚ ಇತ್ತು. ಅದನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಬಲಗೈಯಲ್ಲೇ ತೆಗೆದುಕೊಂಡೆ.

"ಎಡಗೈ ಖಾಲಿ ಇತ್ತಲ್ಲ?" ಎಂದರು.

"ಎಡಗೈಯಲ್ಲಿ ಕೊಡೋದು ತಗೊಳ್ಳೋದು ನಮ್ಮಲ್ಲಿ ಇಲ್ಲ. ಅಮ್ಮ ಕೈ ಮೇಲೆ ಬಾರಿಸ್ತಿದ್ಲು."

ಅವರು ಬಹಳ ಹೊತ್ತು ನಕ್ಕರು. ಅವತ್ತಿನಿಂದ ಏನು ಕೊಟ್ಟರೂ ನಾಟಕೀಯವಾಗಿ ಕೈ ಬದಲಿಸಿ ಬಲಗೈಯಲ್ಲೇ ಕೊಡುತ್ತಿದ್ದರು. ಎರಡು ವರ್ಷ ಆ ಅರ್ಧ ಕಿತ್ತಳೆ ತಪ್ಪಲಿಲ್ಲ.

ಆ ಫೆಬ್ರವರಿಯಲ್ಲಿ ಜಾರ್ಜಿಯಾದ ಡುಲುತ್‌ನಿಂದ ಹನ್ನೆರಡು ಬಾಟಲಿಯ ಒಂದು ಪೆಟ್ಟಿಗೆ ಬಂತು. ಓರ್ವಿಯೇತೋ, ಇಟಲಿಯ ಅದೇ ಹೆಸರಿನ ಊರಿನ ಸಿಹಿಯಿಲ್ಲದ ಬಿಳಿ ವೈನ್. ದೂರಿನ ಫಾರ್ಮಿನಲ್ಲಿ ಒಂದೇ ಪದ: ಹಳಸಲು. ಪೆಟ್ಟಿಗೆ ನೋಡಿ ಅಜ್ಜನ ಮುಖ ಅರಳಿತು. ಅವರು ಹುಟ್ಟಿದ್ದೇ ಆ ಊರಿನ ಕೆಳಗಿನ ಹಳ್ಳಿಯಲ್ಲಿ. ಊಟದ ಹೊತ್ತಿನಲ್ಲಿ ಬೇರೆ ಮಾತೇ ಇಲ್ಲ. ಕಂದು ಬಣ್ಣದ ಮೆತ್ತನೆ ಕಲ್ಲಿನ ದೊಡ್ಡ ದಿಬ್ಬ, ಅದರ ತಲೆಯ ಮೇಲೆ ಊರು. ಆ ಕಲ್ಲು ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿಯಿಂದ ಆದದ್ದಂತೆ. ಸುಲಭವಾಗಿ ಕೊರೆಯಬಹುದು, ಹಾಗಾಗಿ ಮನೆ ಮನೆಯ ಕೆಳಗೂ ಗುಹೆ, ಗುಹೆಯಲ್ಲಿ ಪೀಪಾಯಿ. ಹಿಂದಿನ ಕಾಲದಲ್ಲಿ ಗುಹೆಯ ತಂಪಿಗೆ ಹುದುಗುವಿಕೆ ನಡುವೆಯೇ ನಿಂತು ವೈನಿನಲ್ಲಿ ತುಸು ಸಿಹಿ ಉಳಿಯುತ್ತಿತ್ತು. ಆಮೇಲೆ ಪ್ರಪಂಚದ ನಾಲಿಗೆ ಬದಲಾಯಿತು, ಸಿಹಿ ಪೂರ್ತಿ ಹೋಗುವವರೆಗೆ ಹುದುಗಿಸತೊಡಗಿದರು.

"ಒಂದೇ ದ್ರಾಕ್ಷಿಯಲ್ಲಿ ಆಗುವುದಿಲ್ಲ" ಎಂದರು ಅಜ್ಜ. "ತ್ರೆಬ್ಬಿಯಾನೋ ದ್ರಾಕ್ಷಿ ಹುಳಿ ಕೊಡುತ್ತದೆ. ಗ್ರೆಕೆತ್ತೋ ಮೈಕಟ್ಟು ಕೊಡುತ್ತದೆ, ಕೊನೆಯಲ್ಲಿ ಬಾದಾಮಿ ಸಿಪ್ಪೆಯ ಕಹಿ ಕೊಡುತ್ತದೆ."

"ದೋಸೆಗೆ ಅಕ್ಕಿ, ಉದ್ದು ಇದ್ದ ಹಾಗೆ" ಅಂದೆ. ದೋಸೆ ಎಂದರೇನು ಎಂದು ವಿವರಿಸುವಷ್ಟರಲ್ಲಿ ಊಟದ ಹೊತ್ತು ಮುಗಿಯಿತು.

ಮೊದಲು ಯಂತ್ರ. ವೈನಿಗೆ ಬೂಷ್ಟು ಹಿಡಿದಂಥ ವಾಸನೆ ಸಾಮಾನ್ಯವಾಗಿ ಬಿರಡೆಯಿಂದ ಬರುತ್ತದೆ. ಅದಕ್ಕೆ ಕಾರಣ ಕ್ಲೋರಿನ್ ಇರುವ ಒಂದು ರಾಸಾಯನಿಕ. ಲೀಟರಿಗೆ ಗ್ರಾಮಿನ ಶತಕೋಟಿಯಲ್ಲಿ ನಾಲ್ಕೈದು ಪಾಲಿದ್ದರೂ ಸಾಕು, ಹಣ್ಣಿನ ಪರಿಮಳವೆಲ್ಲ ಸತ್ತುಹೋಗುತ್ತದೆ. ನಮ್ಮ ಯಂತ್ರ ಅದನ್ನು ಹುಡುಕಿತು. ಹನ್ನೆರಡರಲ್ಲೂ ಇಲ್ಲ. ಆಮೇಲೆ ರುಚಿ ಕೋಣೆ. ಅಜ್ಜ ಲೋಟ ಎತ್ತಿದರು, ಕಣ್ಣು ಮುಚ್ಚಿದರು. "ಬಾದಾಮಿ. ಬಿಳಿ ಹೂವು. ಚೊಕ್ಕವಾಗಿದೆ" ಎಂದರು. ಮಾತಾಡದೆ ಬರೆಯಬೇಕು ಎನ್ನುವುದು ನಿಯಮ. ಆದರೆ ಅಜ್ಜನಿಗೆ ಯಾರು ಹೇಳುತ್ತಾರೆ? ಉಳಿದ ನಾಲ್ವರೂ ತಲೆಯಾಡಿಸಿ ಹಾಗೇ ಬರೆದರು.

ಸುರಿಯುವಾಗ ನನಗೊಂದು ವಾಸನೆ ಬಡಿದಿತ್ತು. ಮಳೆಗಾಲದಲ್ಲಿ ಡಬ್ಬದ ತಳದಲ್ಲಿ ಮರೆತ ಅಕ್ಕಿಹಿಟ್ಟಿನದು. ತಕ್ಷಣ ನನ್ನ ತೋಳನ್ನೇ ಮೂಸಿಕೊಂಡೆ. ಹಿಂದಿನ ವರ್ಷ ಲಿಫ್ಟಿನಲ್ಲಿ ಒಬ್ಬಳು ನನ್ನ ಒಗ್ಗರಣೆ ಹತ್ತಿದ ಜಾಕೆಟ್ ಕಡೆ ನೋಡಿ ಮೂಗಿಗೆ ಬೆರಳಿಟ್ಟಿದ್ದಳು. ಅವತ್ತಿನಿಂದ ಎಲ್ಲಿ ಏನು ನಾರಿದರೂ ಅದು ನನ್ನಿಂದಲೇ ಎಂದು ಮನಸ್ಸು ತೀರ್ಮಾನಿಸಿಬಿಡುತ್ತಿತ್ತು. ಎಂಥ ನಾಚಿಕೆಗೇಡು ನೋಡಿ, ಕೆಮಿಸ್ಟ್ರಿ ಓದಿದವಳು! ಜಾಕೆಟ್ ನೆನೆದು ಒಣಗಿರಬೇಕು ಅಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡೆ. "ದೋಷ ಕಂಡುಬಂದಿಲ್ಲ" ಎಂಬ ವರದಿ ಹೋಯಿತು, ಕೆಳಗೆ ಸಂಪರ್ಕಕ್ಕೆ ನನ್ನ ಹೆಸರು.

ಮೂರನೇ ದಿನ ಫೋನ್. ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ ಹೆಂಗಸು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿ ನಿಂತಳು.

"ಕನ್ನಡದೋರಾ ನೀವು?"

"ಹೌದು, ಮೈಸೂರು."

"ಅಯ್ಯೋ ದೇವ್ರೇ, ಮೊದ್ಲೇ ಗೊತ್ತಾಗಿದ್ರೆ! ನಾನು ಬೆಂಗ್ಳೂರು, ಬಸವನಗುಡಿ. ಇಲ್ಲಿ ಡುಲುತ್‌ನಲ್ಲಿ ರೆಸ್ಟೊರೆಂಟ್ ರನ್ ಮಾಡ್ತೀನಿ, ಈ ವೈನ್ ನಾನೇ ಇಂಪೋರ್ಟ್ ಮಾಡ್ಸೋದು. ನೋಡಮ್ಮ, ಆ ಫಾರ್ಮಲ್ಲಿ ಸ್ಟೇಲ್ ಅಂತ ಬರ್ದೆ. ಅದಲ್ಲ ಅದು. ಇಂಗ್ಲಿಷಲ್ಲಿ ಏನಂತಾರೋ ನಂಗೆ ಬರಲ್ಲ. ಅದು ಮುಗ್ಗಲು ಕಣಮ್ಮ! ಮುಗ್ಗಲು!"

ಎಷ್ಟೋ ವರ್ಷದಿಂದ ಆ ಪದ ಕಿವಿಗೆ ಬಿದ್ದಿರಲಿಲ್ಲ. ನನ್ನ ತೋಳು ಮೂಸಿ ನೋಡಿದ್ದೇ ಅದಕ್ಕೆ. ಹಳಸಲು ಎಂದು ಬರೆದದ್ದರಿಂದ ರುಚಿ ಕೋಣೆಯವರು ವೈನ್ ಗಾಳಿಗೆ ಕೆಟ್ಟಿದೆಯೇ ಎಂದಷ್ಟೇ ನೋಡಿದ್ದರು, ಯಂತ್ರ ಬಿರಡೆಯ ಮಾಮೂಲು ಪರೀಕ್ಷೆಯಷ್ಟೇ ಮಾಡಿತ್ತು. ಅನ್ನ ಹಳಸುವುದೇ ಬೇರೆ, ಅಕ್ಕಿ ಮುಗ್ಗುವುದೇ ಬೇರೆ.

"ಆಂಟಿ, ನನಗೂ ಹಾಗೇ ಅನ್ನಿಸ್ತು" ಅಂದೆ.

"ಅನ್ನಿಸ್ತಾ? ಮತ್ತೆ ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ? ಆರು ವರ್ಷದಿಂದ ಇಟಲೀಲಿ ಇದನ್ನ ಮಾಡೋ ಒಂದೇ ಮನೆಯೋರ ಹತ್ರ ತರಿಸ್ತಿದೀನಿ, ಪಾಪ ಒಳ್ಳೇ ಜನ. ವೈನ್ ಅಲ್ಲೇ ಕೆಟ್ಟಿದ್ರೆ ಇನ್ಮೇಲೆ ಬೇಡ ಅಂತ ಹೇಳ್ಬೇಕಾಗತ್ತೆ. ಅದಕ್ಕೇ ಸರಿಯಾಗಿ ನೋಡು ಅಂತ ಕೇಳ್ತಿರೋದು."

ಬೈಗುಳ ಅಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ಬಾತ್‌ರೂಮಿಗೆ ಹೋಗಿ ಒಂದು ನಿಮಿಷ ಅತ್ತೆ.

ಯಂತ್ರ ನೋಡಿಕೊಳ್ಳುವವನ ಹತ್ತಿರ ಹೋದೆ. ಯಂತ್ರಕ್ಕೆ ಏನು ಹುಡುಕು ಎಂದು ಹೇಳಿರುತ್ತೇವೋ ಅಷ್ಟೇ ಅದಕ್ಕೆ ಕಾಣುವುದು. ಪಕ್ಕದಲ್ಲಿ ಆನೆ ನಿಂತಿದ್ದರೂ ಇಲ್ಲ ಅನ್ನುತ್ತದೆ. ಕ್ಲೋರಿನ್ ಬದಲು ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕವಿದೆ, ವಾಸನೆ ಹೆಚ್ಚುಕಮ್ಮಿ ಅದೇ. ಅದು ಬಿರಡೆಯಿಂದಲ್ಲ, ಹುಳ ಹಿಡಿಯದಂತೆ ಔಷಧ ಬಳಿದ ಮರದಿಂದ ಬರುತ್ತದೆ. ಗೋದಾಮಿನ ಹಲಗೆಯಿಂದ ಗಾಳಿಗೆ ಸೇರಿ, ಬಿರಡೆಯೊಳಗಿಂದ ವೈನಿಗೆ ಇಳಿಯುತ್ತದೆ. ಅದನ್ನೂ ಹುಡುಕೋಣ ಅಂದೆ.

"ನಿನಗೆ ಯಾಕೆ ಈ ಉಸಾಬರಿ? ನಿನ್ನ ಕೆಲಸ ಲೋಟ ಇಡುವುದು" ಎಂದ. ಆದರೂ ಒಪ್ಪಿದ.

ಹೋಲಿಸಿ ನೋಡಲು ಶುದ್ಧ ಮಾದರಿ ಬರಲು ಹತ್ತು ದಿನ. ಬಂದ ಮೇಲೆ ಮೊದಲ ಓಟದಲ್ಲಿ ಬರೀ ನೀರಿನಲ್ಲೂ ಆ ರಾಸಾಯನಿಕದ ಗೆರೆ ಕಂಡಿತು. ಹಿಂದಿನ ಮಾದರಿ ಯಂತ್ರದ ಸೂಜಿಯಲ್ಲೇ ಅಂಟಿಕೊಂಡಿತ್ತು. ಅವನು ಮೂಗು ಮುರಿದ. ಸೂಜಿಯನ್ನು ಕಾಯಿಸಿ ಚೊಕ್ಕ ಮಾಡಿ ಮತ್ತೆ ಓಡಿಸಿದೆವು. ನೀರಿನಲ್ಲಿ ಏನೂ ಇಲ್ಲ. ಹನ್ನೆರಡು ಬಾಟಲಿಯಲ್ಲೂ ಇದೆ. ಬಹಳ ಕಡಿಮೆ, ಮನುಷ್ಯರ ಮೂಗಿಗೆ ಹತ್ತುವುದೋ ಇಲ್ಲವೋ ಎನ್ನುವಷ್ಟು. ಆಂಟಿ ಇಟಲಿಯಿಂದ ವಿಮಾನದಲ್ಲಿ ನೇರವಾಗಿ ತರಿಸಿದ್ದ ಅದೇ ವೈನಿನ ಎರಡು ಬಾಟಲಿಗಳನ್ನು ಕಳಿಸಿದರು. ಒಂದನ್ನು ಪರೀಕ್ಷಿಸಿದೆವು, ಸುಳಿವಿಲ್ಲ. ಅಂದರೆ ಬೆಳೆದವರ ತಪ್ಪಲ್ಲ, ದಾರಿಯಲ್ಲಿ ಯಾವುದೋ ಗೋದಾಮಿನದು.

ಮ್ಯಾನೇಜರಮ್ಮ ಹುಬ್ಬು ಗಂಟಿಕ್ಕಿದರು. "ಇದೆ ಎಂದು ಯಂತ್ರ ಹೇಳುತ್ತದೆ. ಆದರೆ ನಮ್ಮ ಐದು ಮೂಗಿಗೆ ಗೊತ್ತಾಗಿಲ್ಲ. ಗೊತ್ತಾಗದಿದ್ದರೆ ಅದು ದೋಷವಲ್ಲ. ಮೂಗುಗಳನ್ನೇ ಇನ್ನೊಮ್ಮೆ ಪರೀಕ್ಷಿಸೋಣ. ಅರ್ಧಕ್ಕಿಂತ ಹೆಚ್ಚು ತಪ್ಪಿದವರು ತಂಡದಲ್ಲಿ ಇರುವುದಿಲ್ಲ."

ಈ ಪರೀಕ್ಷೆಗೆ ಮೂರು ಲೋಟ. ಎರಡರಲ್ಲಿ ಚೊಕ್ಕ ವೈನ್, ಒಂದರಲ್ಲಿ ಆ ರಾಸಾಯನಿಕ ಬೆರೆಸಿದ್ದು. ಬೇರೆಯಾದದ್ದು ಯಾವುದೆಂದು ಹೇಳಬೇಕು. ಹೀಗೆ ಆರು ಸುತ್ತು. ವರ್ಷಕ್ಕೆರಡು ಸಲ ಇಂಥ ಪರೀಕ್ಷೆ ಇದ್ದೇ ಇರುತ್ತಿತ್ತು, ಅಜ್ಜ ಎಂದೂ ತಪ್ಪಿದವರಲ್ಲ.

ಆದರೆ ನನ್ನ ಎದೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಆ ಚಳಿಗಾಲದಲ್ಲಿ ಅಜ್ಜ ನನ್ನ ಡಬ್ಬಿಯ ಮುಚ್ಚಳ ತೆಗೆಯುವವರೆಗೆ ಕಾಯತೊಡಗಿದ್ದರು. ತೆಗೆದ ಮೇಲೆ ನೋಡಿ, "ನಿಂಬೆ" ಎನ್ನುತ್ತಿದ್ದರು. ಹಿಂದಿನ ವಾರ ಅವರ ಫ್ಲಾಸ್ಕಿನ ಕಾಫಿಯಲ್ಲಿ ಹಾಲು ಒಡೆದು ಹುಳಿ ವಾಸನೆ ನನಗೆ ಬೆಂಚಿನ ಈ ತುದಿಗೇ ಬಂತು. ಅವರು ಗುಟುಕರಿಸುತ್ತಲೇ ಇದ್ದರು.

ಪರೀಕ್ಷೆ ಶುರುವಾಯಿತು. ಮೂರು ಸುತ್ತು ಮುಗಿಯಿತು. ನಾಲ್ಕನೆಯದಕ್ಕೆ ಅಜ್ಜನ ಮುಂದೆ ಲೋಟ ಇಡುವಾಗ, ತಡವಾಯಿತು ಕ್ಷಮಿಸಿ ಅನ್ನಲು ತಲೆಯೆತ್ತಿದೆ. ಅವರು ಲೋಟ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

ನನ್ನ ಎಡಗೈಯಲ್ಲಿ ಇನ್ನೂ ಎರಡು ಲೋಟ ಇದ್ದವು. ಅವನ್ನು ನೋಡಿದೆ. ಎರಡೂ ಒಂದೇ ವೈನ್.

ಅಯ್ಯೋ ಶಿವನೇ ಅಂದುಕೊಂಡೆ. ಜೋಡಿಯನ್ನು ಮೊದಲು ಸುರಿದು ಎಡಗೈಯಲ್ಲಿ ಲೋಟದ ಉದ್ದನೆ ಕಾಲು ಹಿಡಿದು ಎತ್ತಿಕೊಳ್ಳುತ್ತಿದ್ದೆ, ಬೇರೆಯಾದದ್ದನ್ನು ಕೊನೆಗೆ ಸುರಿದು ಬಲಗೈಯಲ್ಲಿ. ಇಡುವಾಗ ಬಲಗೈಯದು ಮೊದಲು ಕೆಳಗೆ. ಆಮೇಲೆ ಎಡಗೈಯದನ್ನು ಒಂದೊಂದಾಗಿ ಬಲಗೈಗೆ ದಾಟಿಸಿ ಇಡುವುದು. ಲೋಟ ಯಾವ ಜಾಗದಲ್ಲಿ ಕೂರಬೇಕು ಎನ್ನುವುದನ್ನು ಪಟ್ಟಿಯಲ್ಲಿದ್ದಂತೆ ಅದಲುಬದಲು ಮಾಡುತ್ತಿದ್ದೆ. ಯಾವುದನ್ನು ಮೊದಲು ಇಡುತ್ತೇನೆ ಎನ್ನುವುದು ಮಾತ್ರ ಎರಡು ವರ್ಷದಿಂದ ಬದಲಾಗಿರಲಿಲ್ಲ. ಒಮ್ಮೊಮ್ಮೆ ಎಡಗೈಯದನ್ನು ಎಡಗೈಯಲ್ಲೇ ಮೊದಲು ಇಟ್ಟುಬಿಟ್ಟಿದ್ದರೆ ಆಗುತ್ತಿತ್ತು. ಅಮ್ಮ ಬಾರಿಸಿದ ಕೈ, ಏನು ಮಾಡುವುದು.

ಅಜ್ಜ ಆರಕ್ಕೆ ಆರೂ ಸರಿ ಹೇಳಿದರು. ಉಳಿದವರು ಅಲ್ಲಲ್ಲಿ ತಪ್ಪಿದರು. ಮ್ಯಾನೇಜರಮ್ಮ ಚಪ್ಪಾಳೆ ತಟ್ಟಿದರು. "ಇಂಥ ಮೂಗಿಗೇ ಆ ಬಾಟಲಿಗಳಲ್ಲಿ ಸಿಗಲಿಲ್ಲ ಅಂದಮೇಲೆ ಮುಗಿಯಿತು. ವರದಿ ಹಾಗೇ ಇರಲಿ."

ಅದು ಶುಕ್ರವಾರ. ಎರಡು ದಿನ ಮನೆಯಲ್ಲಿ ಒಬ್ಬಳೇ ತಲೆ ಕೆಡಿಸಿಕೊಂಡೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಇಟಲಿಯ ಯಾವುದೋ ಮನೆಯವರು ಮಾಡದ ತಪ್ಪು ಹೊತ್ತುಕೊಳ್ಳುತ್ತಾರೆ, ಆಂಟಿ ಬೈದುಕೊಂಡು ಸುಮ್ಮನಾಗುತ್ತಾರೆ. ಹೇಳಿದರೆ ಅಜ್ಜನ ಕುರ್ಚಿ ಹೋಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಆ ಕುರ್ಚಿಗಿಂತ ಬೆಂಚಿನದೇ ಚಿಂತೆ. ಅವರು ಹೋದರೆ ನಾನು ಯಾರ ಜೊತೆ ಊಟ ಮಾಡಲಿ? ಇಷ್ಟು ಸ್ವಾರ್ಥಿಯೇ ನಾನು ಎಂದು ನನ್ನನ್ನೇ ಬೈದುಕೊಂಡೆ. ಅವರ ಮೇಲೂ ಕೋಪ ಬಂತು. ಎಷ್ಟು ದಿನದಿಂದ ನನ್ನ ಕೈಯನ್ನು ಪುಸ್ತಕದ ಹಾಗೆ ಓದುತ್ತಿದ್ದಾರೋ! ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಹೇಳಿಕೊಳ್ಳಲು ಇದ್ದವರು ಅವರೊಬ್ಬರೇ.

ಸೋಮವಾರ ಮ್ಯಾನೇಜರಮ್ಮನಿಗೆ ಹೇಳಿದೆ: "ನಾನು ಲೋಟ ಇಟ್ಟ ಕ್ರಮದಲ್ಲಿ ತಪ್ಪಾಗಿದೆ. ಪರೀಕ್ಷೆ ಲೆಕ್ಕಕ್ಕಿಲ್ಲ. ಮತ್ತೆ ಮಾಡಬೇಕು." ಏನು ತಪ್ಪು ಎಂದು ಕೇಳಿದರು. ನನ್ನದು ಅಂದೆ, ಅಷ್ಟೇ. ಉಗಿಸಿಕೊಂಡೆ.

ಮಧ್ಯಾಹ್ನ ಬೆಂಚಿನಲ್ಲಿ ಅಜ್ಜ ಕಿತ್ತಳೆ ಸುಲಿಯುತ್ತಿದ್ದರು. ಅವರ ಮುಖ ನೋಡದೆ ಹೇಳಿದೆ: "ನಾಳೆ ನೀವೆಲ್ಲ ಕೋಣೆಗೆ ಬರೋ ಮೊದಲೇ ಲೋಟ ಇಟ್ಟಿರ್ತೀನಿ."

ಅವರ ಬೆರಳು ನಿಂತಿತು. ಆಮೇಲೆ ಸುಲಿಯುವುದನ್ನು ಮುಂದುವರಿಸಿ ಹೇಳಿದರು: "ಒಳ್ಳೆಯದು. ಹಾಗೇ ಇಡಬೇಕು. ಮೊದಲಿನಿಂದಲೂ ಹಾಗೇ ಇಡಬೇಕಿತ್ತು." ಅರ್ಧ ಕಿತ್ತಳೆ ಕೊಟ್ಟರು, ಬಲಗೈಯಲ್ಲಿ.

ನಾಳೆ ಹುಷಾರಿಲ್ಲ ಎಂದು ಅವರು ಮನೆಯಲ್ಲೇ ಉಳಿಯಲಿ ಎಂದು ಬೇಡಿಕೊಂಡೆ. ಅವರು ಎಲ್ಲರಿಗಿಂತ ಮೊದಲು ಬಂದರು, ಟೈ ಕಟ್ಟಿಕೊಂಡು.

ಬಾಗಿಲು ತೆರೆದೆ. ಲೋಟಗಳು ಮುಚ್ಚಳದಡಿ ಸಾಲಾಗಿ ಕಾಯುತ್ತಿದ್ದವು. ಯಾರೂ ಮಾತಾಡಬಾರದು ಎಂದು ಈ ಸಲ ಮ್ಯಾನೇಜರಮ್ಮನೇ ನಿಂತು ಹೇಳಿದರು. ಅಜ್ಜ ಒಂದೊಂದು ಲೋಟವನ್ನೂ ಎತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಮೂಸಿದರು. ಊಹೆ ಮಾಡಿದ್ದರೂ ಆರರಲ್ಲಿ ಎರಡು ಸರಿಯಾಗುತ್ತಿತ್ತು. ಅವರು ಊಹಿಸಲಿಲ್ಲ. ಆರು ಚೀಟಿಯಲ್ಲೂ ಚಂದದ ಅಕ್ಷರದಲ್ಲಿ "ನನಗೆ ತಿಳಿಯದು" ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ, ಎದ್ದರು. ಚೀಟಿ ಓದಿದ ಮ್ಯಾನೇಜರಮ್ಮನ ಮುಖ ಬಿಳಿಚಿತು.

"ಡುಲುತ್‌ನ ಬಾಟಲಿಗಳನ್ನು ಇವರೆಲ್ಲರ ಮುಂದೆ ಇನ್ನೊಮ್ಮೆ ಇಡು" ಎಂದರು ಅಜ್ಜ ನನಗೆ. "ನಾನು ಹೊರಗಿರುತ್ತೇನೆ. ಈ ಕುರ್ಚಿಯಲ್ಲಿ ನೀನು ಕೂತುಕೋ. ನಿನ್ನ ಮುಖ ಅವತ್ತು ಸುರಿಯುವಾಗಲೇ ಹೇಳಿತ್ತು. ನಾನು ಕೇಳಲಿಲ್ಲ."

ಅಜ್ಜ ಮೊದಲು ಬಾಯಿಬಿಡದಿದ್ದಾಗ ನಾಲ್ವರಲ್ಲಿ ಮೂವರಿಗೆ ವಾಸನೆ ಸಿಕ್ಕಿತು. ನಾನು ಐದನೆಯವಳಾಗಿ ಬರೆದೆ. ವರದಿ ಬದಲಾಯಿತು: ವೈನ್ ಹುಟ್ಟಿದಲ್ಲಿ ಚೊಕ್ಕವಾಗಿತ್ತು, ಸಾಗಿಸುವಾಗ ಕೆಟ್ಟಿದೆ. ಆಂಟಿ ಫೋನಿನಲ್ಲೇ ಕುಣಿದರು. "ಆ ಪದಾನ ಇಂಗ್ಲಿಷಲ್ಲಿ ಹೆಂಗ್ ಬರ್ದೆ?" ಎಂದು ಕೇಳಿದರು. ಮಸ್ಟಿ ಅಂತ ಬರೆದೆ ಅಂದೆ. "ಹಂಗಂದ್ರೆ ಅರ್ಧಾನೂ ಬರ್ಲಿಲ್ಲ ಬಿಡು" ಎಂದರು.

ತಿಂಗಳ ಕೊನೆಗೆ ಅಜ್ಜ ಏಪೆಕ್ಸ್‌ಗೆ ಹೊರಟರು. ಕೊನೆಯ ಮಧ್ಯಾಹ್ನ ಆಂಟಿಯ ಎರಡನೇ ಬಾಟಲಿ, ಚೊಕ್ಕದ್ದು, ಬೆಂಚಿಗೆ ತಂದೆ. ಒಂದು ಲೋಟ ಸುರಿದೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ಏನಿದೆ ಹೇಳು. ನಿನ್ನ ಭಾಷೆಯಲ್ಲೇ ಹೇಳು. ಇಂಗ್ಲಿಷಿನ ಪದಗಳೆಲ್ಲ ನನಗೆ ಬಾಯಿಪಾಠ. ಮೂಗು ಹೋದ ಮೇಲೆ ಅವನ್ನೇ ಹೇಳಿಕೊಂಡು ದಿನ ದೂಡಿದೆ."

ಮೂಸಿದೆ, ನಾಲಿಗೆಗೆ ತಾಗಿಸಿ ಉಗಿದೆ. "ಚಕ್ಕೋತದ ಬಿಳಿ ಸಿಪ್ಪೆ" ಅಂದೆ. "ಆಗ ತಾನೇ ಸುಣ್ಣ ಬಳಿದ ಗೋಡೆ. ಸುಗಂಧರಾಜದ ಮೊಗ್ಗು, ಬಿರಿದದ್ದಲ್ಲ. ಕೊನೆಗೆ ನೆನೆಸಿಟ್ಟ ಬಾದಾಮಿಯ ಸಿಪ್ಪೆ, ಸ್ವಲ್ಪ ಒಗರು." ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು, ಕೆನ್ನೆ ಒದ್ದೆಯಾಗಿತ್ತು. "ಹೌದು, ಅದೇ" ಎಂದರು.

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಕೈ ನೋಡುತ್ತಿದ್ದದ್ದು ಮೋಸಕ್ಕೆ ಮಾತ್ರ ಅಲ್ಲ. ನಿಮ್ಮಮ್ಮನಿಗೆ ಹೇಳು, ಚೆನ್ನಾಗಿ ಕಲಿಸಿದ್ದಾಳೆ."

ಅಮ್ಮನಿಗೆ ಹೇಗೆ ಹೇಳಲಿ? ಅವಳ ಪಾಲಿಗೆ ನಾನಿನ್ನೂ ದ್ರಾಕ್ಷಿ ರಸದವಳು.

ಈಗ ಕಿಟಕಿ ಪಕ್ಕದ ಕುರ್ಚಿ ನನ್ನದು. ಲೋಟಗಳನ್ನು ನಾವು ಬರುವ ಮೊದಲೇ ಇಟ್ಟಿರುತ್ತಾರೆ, ಯಾರು ಯಾವ ಕೈಯಲ್ಲಿ ಇಟ್ಟರೋ ಯಾರಿಗೂ ಗೊತ್ತಿಲ್ಲ. ಈ ದೇಶದಲ್ಲಿ ನಾನು ಯಾವ ಕೈಯಲ್ಲಿ ಕೊಡುತ್ತೇನೆ, ಯಾವ ಕೈಯಲ್ಲಿ ತೆಗೆದುಕೊಳ್ಳುತ್ತೇನೆ ಎಂದು ಗಮನಿಸಿದವರು ಒಬ್ಬರೇ ಒಬ್ಬರು, ಅವರನ್ನು ನಾನೇ ಎಬ್ಬಿಸಿ ಕಳಿಸಿದೆ.

ಅವರು ಹೋದ ಮಾರನೇ ದಿನ ಅಂಗಡಿಯಿಂದ ಒಂದು ಕಿತ್ತಳೆ ತಂದಿದ್ದೆ. ಬೆಂಚಿನಲ್ಲಿ ಕೂತು ಸುಲಿದೆ, ಎರಡು ಭಾಗ ಮಾಡಿದೆ. ಬಲಗೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ಆ ಅರ್ಧವನ್ನೂ ನಾನೇ ತಿಂದೆ.